ಬೆನ್ನಿಗೆ ಕಟ್ಟಿದ ಅಂಕೆ

ಕಾಲ್ಚೆಂಡಾಟದ ವಿಷಯವಾಗಿ ಲೇಖನಿ ಹಿಡಿಯುವ ಅಧಿಕಾರ ನಮಗೇನಿದೆ ಎಂದು ವಾಚಕರು ಕೇಳಿಯಾರು. ನಾವು ಆಡಿದವರಲ್ಲ, ಆಡಿಸಿದವರು, ಅದೂ ಅನಿವಾರ್ಯದಿಂದ. ಕಾಸರಗೋಡಿನ ಕಡೆಯ ನಮ್ಮ ಗ್ರಾಮಶಾಲೆಯಲ್ಲಿ ವ್ಯಾಯಾಮ ಶಿಕ್ಷಕರೆಂಬವರು ಇದ್ದುದೇ ಇಲ್ಲ. ಶಿಕ್ಷಕ ತರಬೇತಿಯಲ್ಲಿ ನಮಗೆ ಪಾಠಯೋಜನೆ ಬರೆಯಲು ಕಲಿಸಿದರು. ಕರಿಹಲಗೆಯ ಮೇಲೆ ಅಕ್ಷರವನ್ನು ದುಂಡಗೆ ಮೂಡಿಸಲು ಕಲಿಸಿದರು. ಮಕ್ಕಳ ಮನಶ್ಶಾಸ್ತ್ರವೆಂಬ ದಪ್ಪ ಪುಸ್ತಕವೊಂದನ್ನು ಬಾಯಿಪಾಠ ಮಾಡಿಸಿದರು. ಇಪ್ಪತ್ತೈದು ಮಕ್ಕಳು ಕಣ್ಣರಳಿಸಿ ಸಾಲಾಗಿ ನಿಂತಾಗ ಅವರಲ್ಲಿ ಏಳೆಂಟು ಮಂದಿಯನ್ನು ಆರಿಸಿಕೊಂಡು ಉಳಿದವರನ್ನು ಮನೆಗೆ ಕಳುಹಿಸುವುದು ಹೇಗೆಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಕಾಲ್ಚೆಂಡಿಗೆ ಇರುವ ಮರ್ಯಾದೆಯನ್ನು ಹೊರಗಿನ ಓದುಗರಿಗೆ ತಿಳಿಸಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳಿಗೆ ಆಟದ ಬಯಲಿನಲ್ಲಿ ಭಾಷೆಯ ತಕರಾರು ಎದ್ದುದನ್ನು ನಾವು ಕಂಡಿಲ್ಲ. ಕೇರಳವು 1973ರಲ್ಲಿ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದ ಸುದ್ದಿಯನ್ನು ನಮ್ಮ ತೀರ್ಥರೂಪರು ಹಬ್ಬದ ಸುದ್ದಿಯಂತೆ ಹೇಳುತ್ತಿದ್ದರು. ತೃಕ್ಕರಿಪುರದ ಮಹಮ್ಮದ್ ರಾಫಿ ದೇಶದ ತಂಡಕ್ಕೆ ಆಡಿದ ಮೇಲಂತೂ ಪ್ರತಿಯೊಂದು ಹಿತ್ತಲಿನಲ್ಲಿಯೂ ಒಬ್ಬ ರಾಫಿ ಹುಟ್ಟಿಕೊಂಡ. ಕೊಯ್ಲು ಮುಗಿದ ಗದ್ದೆಗಳಲ್ಲಿ ಏಳೇಳು ಮಂದಿಯ ‘ಸೆವೆನ್ಸ್’ ಪಂದ್ಯಗಳು ನಡೆಯುವಾಗ ಹರಕೆಯ ಬಯಲಾಟಕ್ಕೂ ಅಷ್ಟು ಜನ ಸೇರುವುದಿಲ್ಲ. (ಯಕ್ಷಗಾನಪ್ರಿಯರು ಕ್ಷಮಿಸಬೇಕು. ನಾವೂ ಅವರಲ್ಲೊಬ್ಬರೇ.)

1997ರಲ್ಲಿ ನೆರೆಯ ಶಾಲೆಗಳೊಡನೆ ಇಂತಹುದೇ ಒಂದು ಪಂದ್ಯ ಗೊತ್ತಾಯಿತು. ಸಹಾಧ್ಯಾಪಕರಾಗಿದ್ದ ನಮ್ಮ ತಲೆಗೆ ತಂಡ ಕಟ್ಟುವ ಹೊಣೆ ಬಂತು. ಒಂದೇ ಒಂದು ಸಂಜೆ, ಸುಮಾರು ಮುಕ್ಕಾಲು ಗಂಟೆ ಮಕ್ಕಳನ್ನು ಓಡಿಸಿದೆವು. ಎತ್ತರದವರನ್ನೂ ಬಲವಾಗಿ ಒದೆಯಬಲ್ಲವರನ್ನೂ ಗುರುತು ಹಾಕಿಕೊಂಡೆವು. ಮರುದಿನ ಹತ್ತು ಹೆಸರುಗಳ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಿ ತರಗತಿಗೆ ಹೋದೆವು. ಮಧ್ಯಾಹ್ನ ಒಬ್ಬ ಪುಟ್ಟ ಹುಡುಗ ಬಂದು ನಿಂತ. ಚೆಂಡು ಅವನ ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಆದರೆ ಯಾರಾದರೂ ಭುಜ ತಾಗಿಸಿದರೆ ಬಿದ್ದುಬಿಡುತ್ತಿದ್ದ.

“ಮಾಷ್ಟ್ರೇ, ಬರೆಯುವಾಗ ನನ್ನ ಹೆಸರು ಬಿಟ್ಟುಹೋಯಿತಾ?” ಎಂದು ಕೇಳಿದ.

ಬಿಟ್ಟುಹೋದುದಲ್ಲ, ನಾವೇ ಬಿಟ್ಟುದು ಎಂದು ಹೇಳುವ ಧೈರ್ಯ ನಮಗಾಗಲಿಲ್ಲ. “ಮುಂದಿನ ವರ್ಷ ನೋಡುವ” ಎಂದೆವು. ನಮ್ಮ ತಂಡ ಆ ವರ್ಷ ಗೆದ್ದಿತು. ಗೆದ್ದ ತಂಡದ ಆಯ್ಕೆಯನ್ನು ಯಾರು ಪ್ರಶ್ನಿಸುತ್ತಾರೆ? ಮರುವರ್ಷ ಪುನಃ ಮಕ್ಕಳನ್ನು ಕರೆದಾಗ ಅವನು ಬರಲಿಲ್ಲ. ಶಾಲೆ ಬಿಟ್ಟೊಡನೆ ಮಾವನ ಅಂಗಡಿಗೆ ಹೋಗಿ ಸಾಮಾನು ಕಟ್ಟುತ್ತಿದ್ದನೆಂದು ಕೇಳಿದೆವು. ಮುಂದೆ ಹೈಸ್ಕೂಲಿಗೆ ಹೋದಾಗ ನಾವು ಆರಿಸಿದ್ದ ಎಲ್ಲರಿಗಿಂತಲೂ ಎತ್ತರವಾಗಿ ಬೆಳೆದ. ಆದರೆ ಚೆಂಡಿನ ಬಳಿಗೆ ಮರಳಿದವನಲ್ಲ.

ಇದು ಮರೆತುಹೋಗಬಹುದಾಗಿದ್ದ ಸಂಗತಿ. 2025ರ ಬೇಸಿಗೆಯ ರಜೆಯಲ್ಲಿ ನಾವೂ ನಮ್ಮ ಮನೆಯವರೂ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗನ ಮನೆಗೆ ಹೋಗದಿದ್ದರೆ ಮರೆತೂ ಹೋಗುತ್ತಿತ್ತು. ಅಳಿಯನ ಮಗನಿಗೆ ಆಗ ಎಂಟೂವರೆ ವರ್ಷ. ಸಾಕರ್ ಎಂದರೆ ಪ್ರಾಣ. (ಕಾಲ್ಚೆಂಡನ್ನು ಅಲ್ಲಿಯವರು ಕರೆಯುವುದು ಹಾಗೆ. ಫುಟ್‌ಬಾಲ್ ಎಂಬ ಹೆಸರನ್ನು ಅವರು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟಕ್ಕೆ ಕೊಟ್ಟುಬಿಟ್ಟಿದ್ದಾರೆ.) ನಾವು ಹೋದ ಸಮಯಕ್ಕೆ ಸರಿಯಾಗಿ ಅವನ ಕ್ಲಬ್ಬಿನಲ್ಲಿ ಮುಂದಿನ ಋತುವಿಗಾಗಿ ಆಯ್ಕೆಯ ಪರೀಕ್ಷೆ, ಅವರ ಮಾತಿನಲ್ಲಿ ‘ಟ್ರೈಔಟ್’, ನಡೆಯಲಿತ್ತು. ಮನೆಯಲ್ಲಿ ವಾರದಿಂದ ಅದೇ ಮಾತು.

ಅಲ್ಲಿ ಊರಿನ ಮಕ್ಕಳೆಲ್ಲ ಆಡಬಹುದಾದ ಸಾಧಾರಣ ತಂಡಗಳು ಬೇರೆ ಇವೆ. ಅವುಗಳಿಗೆ ಪರೀಕ್ಷೆಯಿಲ್ಲ, ಹೆಸರು ಕೊಟ್ಟವನಿಗೆ ಆಟ ಉಂಟು. ಸ್ಪರ್ಧೆಯ ಕ್ಲಬ್ಬುಗಳಲ್ಲಾದರೋ ಕಳೆದ ವರ್ಷ ಆಡಿದವನೂ ಈ ವರ್ಷ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಎರಡು ಸಂಜೆ, ಒಂದೂವರೆ ಗಂಟೆಯಂತೆ. ಮೇಜಿನ ಬಳಿ ಹೆಸರು ಹೇಳಿದ ಮಗುವಿಗೆ ಅಂಕೆಯುಳ್ಳ ತೆಳುವಾದ ಮೇಲಂಗಿಯೊಂದನ್ನು ತೊಡಿಸುತ್ತಾರೆ. ಅಲ್ಲಿಂದ ಮುಂದೆ ಅವನಿಗೆ ಹೆಸರಿಲ್ಲ. ನಮ್ಮ ಹುಡುಗ 47. ತಂದೆತಾಯಂದಿರನ್ನು ಬಯಲಿನ ಆಚೆಗೇ ಕೂರಿಸುತ್ತಾರೆ. ಮೊದಲ ಹತ್ತು ಹದಿನೈದು ನಿಮಿಷ ಚೆಂಡನ್ನು ತಡೆದು ನಿಲ್ಲಿಸುವುದು, ದಾಟಿಸುವುದು, ತಿರುಗುವುದು. ಆಮೇಲೆ ನಾಲ್ಕು ನಾಲ್ಕು ಮಂದಿಯ ಪುಟ್ಟ ಪಂದ್ಯಗಳು. ಮಂದಿ ಕಡಿಮೆಯಾದಷ್ಟೂ ಪ್ರತಿಯೊಬ್ಬನ ಕಾಲಿಗೆ ಚೆಂಡು ಹೆಚ್ಚು ಸಿಗುತ್ತದೆ, ನೋಡುವವರಿಗೂ ಗೊತ್ತಾಗುತ್ತದೆ ಎಂಬುದು ಅದರ ತತ್ತ್ವ. ಒಂಬತ್ತು ಹತ್ತು ವಯಸ್ಸಿನವರಿಗೆ ಪಂದ್ಯವೂ ಅಲ್ಲಿ ಏಳೇಳು ಮಂದಿಯದೇ, ಹನ್ನೊಂದು ಹನ್ನೆರಡಕ್ಕೆ ಒಂಬತ್ತು, ಹದಿಮೂರರ ಮೇಲೆ ಹನ್ನೊಂದು. ನಮ್ಮ ಗದ್ದೆಯ ಸೆವೆನ್ಸ್ ಅಮೆರಿಕದಲ್ಲಿ ಶಾಸ್ತ್ರವಾಗಿರುವುದನ್ನು ಕಂಡು ನಮಗೆ ನಗು ಬಂತು. ಹತ್ತು ವರ್ಷದೊಳಗಿನವರು ತಲೆಯಿಂದ ಚೆಂಡು ಹೊಡೆಯಕೂಡದೆಂಬ ನಿಯಮವೂ ಇದೆ. ಮೆದುಳಿಗೆ ಪೆಟ್ಟಾದೀತೆಂಬ ಭಯದಿಂದ 2015ರಲ್ಲಿ ಸಾರಿದ್ದು. ಇದನ್ನು ಓದುತ್ತಿರುವ ಉಪಾಧ್ಯಾಯ ಬಂಧುಗಳು ಗಮನಿಸಬೇಕು.

ಮೂವರು ತರಬೇತುಗಾರರು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಅಂಕೆಗಳೆದುರು ಗುರುತು ಹಾಕುತ್ತಿದ್ದರು. ನಡುನಡುವೆ “47, ಆ ಬಯಲಿಗೆ”, “12, ಈಚೆಗೆ” ಎಂದು ಮಕ್ಕಳನ್ನು ಬದಲಿಸುತ್ತಿದ್ದರು. ಯಾವ ಬಯಲು ಬಲಿಷ್ಠರದು, ಯಾವುದು ಅಲ್ಲ ಎಂದು ಯಾರೂ ಹೇಳಲಿಲ್ಲ. ಐದು ನಿಮಿಷದಲ್ಲಿ ಎಲ್ಲ ಮಕ್ಕಳಿಗೂ ತಿಳಿದುಹೋಯಿತು. ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಮಗುವಿನ ಮುಂದೆ ಗುಟ್ಟು ಮಾಡುವ ವಿದ್ಯೆ ಯಾವ ದೇಶದವರಿಗೂ ಒಲಿದಂತಿಲ್ಲ.

ಮೂರನೆಯ ರಾತ್ರಿ ಅಳಿಯನ ಫೋನಿಗೆ ಪತ್ರ ಬಂತು. ಹಿಂದಿನ ವರ್ಷ ‘ನೀಲಿ’ ತಂಡದಲ್ಲಿದ್ದ ಹುಡುಗನಿಗೆ ಈ ಸಲ ‘ಬಿಳಿ’ ತಂಡದಲ್ಲಿ ಸ್ಥಳ. ಎರಡನೆಯ ತಂಡವನ್ನು ಎರಡನೆಯದೆಂದು ಕರೆಯದಿರಲು ಬಣ್ಣದ ಹೆಸರಿಟ್ಟಿದ್ದಾರೆ, ಅಷ್ಟೆ. ನಲವತ್ತೆಂಟು ಗಂಟೆಗಳೊಳಗೆ ಒಪ್ಪಿ ಮುಂಗಡ ಕಟ್ಟದಿದ್ದರೆ ಸ್ಥಳ ಬೇರೆಯವರಿಗೆ. ವರ್ಷದ ಶುಲ್ಕ ಎರಡು ಸಾವಿರ ಡಾಲರಿಗೂ ಮೇಲೆಂದು ಕೇಳಿ ನಮ್ಮ ಮನೆಯವರು ಬಾಯಿಗೆ ಸೆರಗು ಹಚ್ಚಿಕೊಂಡರು. ಕಾಸು ಇಲ್ಲದವನ ಮಗ ಎಷ್ಟು ಚೆನ್ನಾಗಿ ಆಡಿದರೇನು ಎಂದು ನಾವು ಕೇಳಿದುದಕ್ಕೆ, ಕೆಲವು ಕ್ಲಬ್ಬುಗಳು ವಿನಾಯಿತಿ ಕೊಡುತ್ತವೆ, ಆದರೂ ಆ ದೇಶದ ಸಾಕರಿನ ಮೇಲಿರುವ ದೊಡ್ಡ ದೂರು ಅದೇ ಎಂದ ಅಳಿಯ. ಈ ಒಂದು ವಿಷಯದಲ್ಲಿ ನಮ್ಮ ಗದ್ದೆ ಮೇಲು.

ಅಳಿಯನ ಹೆಂಡತಿ ಕಣ್ಣೀರು ತಂದುಕೊಂಡಳು. “ಮಾವಾ, ನೀಲಿಗೆ ಹೋದವನ ಅಪ್ಪ ಅಲ್ಲಿಯ ಕೋಚ್. ಇನ್ನೇನು ಹೇಳಲಿ?” ಎಂದಳು. ಈ ಮಾತು ನಮಗೆ ಹೊಸತಲ್ಲ. ಶಾಲಾ ಕಲೋತ್ಸವದಲ್ಲಿ ಬಹುಮಾನ ತಪ್ಪಿದೊಡನೆ ಮೇಲ್ಮನವಿಯ ಕಾಗದ ಹಿಡಿದು ಓಡುವ ತಾಯಂದಿರನ್ನು ಮೂವತ್ತು ವರ್ಷಗಳಿಂದ ಕಂಡಿದ್ದೇವೆ. ಅವರಲ್ಲಿ ಕೆಲವರು ಹೇಳಿದುದು ನಿಜವೂ ಆಗಿತ್ತು.

ಆದರೆ ಪತ್ರದ ಕೆಳಗೆ ತರಬೇತುಗಾರರು ನಾಲ್ಕು ಸಾಲು ಬರೆದಿದ್ದರು. ಚೆಂಡನ್ನು ಚೆನ್ನಾಗಿ ತಡೆಯುತ್ತಾನೆ, ತಲೆಯೆತ್ತಿ ನೋಡಿ ದಾಟಿಸುತ್ತಾನೆ, ಮೈಗೆ ಮೈ ತಾಗಿದಾಗ ಚೆಂಡು ಬಿಟ್ಟುಕೊಡುತ್ತಾನೆ, ಎಡಗಾಲು ಬಳಸುವುದಿಲ್ಲ, ಈ ತಂಡದಲ್ಲಿ ಇಡೀ ಪಂದ್ಯ ಆಡಲು ಸಿಗುತ್ತದೆ, ಆ ತಂಡದಲ್ಲಾದರೆ ಅರ್ಧ ಹೊತ್ತು ಹೊರಗೆ ಕೂರಬೇಕಾದೀತು. ನಾಲ್ಕೇ ಸಾಲು. 1997ರಲ್ಲಿ ನಾವು ಆ ಹುಡುಗನಿಗೆ ಒಂದು ಸಾಲನ್ನೂ ಕೊಟ್ಟಿರಲಿಲ್ಲವೆಂಬುದು ಅಲ್ಲಿ, ಏಳು ಸಮುದ್ರದಾಚೆ, ಊಟದ ಮೇಜಿನ ಬಳಿ ನೆನಪಾಯಿತು.

ಹುಡುಗ ಮಾತ್ರ ಮೊಸರನ್ನ ತಿಂದು ಮಲಗಿದ. ಮಲಗುವ ಮೊದಲು, “ಅಜ್ಜಾ, ನಾನು ಚಿಕ್ಕವನೆಂದು ಹೀಗೆ ಮಾಡಿದರಾ?” ಎಂದು ಕೇಳಿದ.

ಚಿಕ್ಕವನೇ ಸರಿ, ಆದರೆ ಏಕೆ ಚಿಕ್ಕವನೆಂದು ಮರುದಿನ ಅಳಿಯ ಲೆಕ್ಕ ಹಾಕಿ ತೋರಿಸಿದ. ಅಲ್ಲಿ ಜನವರಿಯಿಂದ ಡಿಸೆಂಬರಿಗೆ ಹುಟ್ಟಿದವರದು ಒಂದು ಗುಂಪು. ನಮ್ಮವನು ಹುಟ್ಟಿದ್ದು 2016ರ ನವೆಂಬರಿನಲ್ಲಿ. ಅದೇ ಗುಂಪಿನ ಜನವರಿಯ ಹುಡುಗ ಇವನಿಗಿಂತ ಹತ್ತು ತಿಂಗಳು ದೊಡ್ಡವ. ಎಂಟೂವರೆಯ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ಆಯುಷ್ಯದ ಹತ್ತನೆಯ ಒಂದು ಪಾಲು! ದೊಡ್ಡವನು ಆಯ್ಕೆಯಾಗುತ್ತಾನೆ, ಆಯ್ಕೆಯಾದುದರಿಂದ ಹೆಚ್ಚು ಕಲಿಯುತ್ತಾನೆ, ಕಲಿತುದರಿಂದ ಮತ್ತೆ ಆಯ್ಕೆಯಾಗುತ್ತಾನೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ನೋಡಿ 1985ರಲ್ಲಿಯೇ ಇದನ್ನು ತೋರಿಸಿಕೊಟ್ಟರಂತೆ: ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ತುಂಬ, ಕೊನೆಯವುಗಳಲ್ಲಿ ಹುಟ್ಟಿದವರು ಕಡಿಮೆ. ಆಮೇಲೆ ಕಾಲ್ಚೆಂಡಿನಲ್ಲಿಯೂ ಅದೇ ಕಂಡುಬಂತು. ತರಬೇತಿಯಲ್ಲಿ ನಾವು ಬಾಯಿಪಾಠ ಮಾಡಿದ ಮನಶ್ಶಾಸ್ತ್ರದಲ್ಲಿ ಇದರ ಸೊಲ್ಲೇ ಇರಲಿಲ್ಲ.

ಇನ್ನೊಂದು ತಮಾಷೆ ಕೇಳಿ. 2026-27ರ ಋತುವಿನಿಂದ ಅಲ್ಲಿಯ ದೊಡ್ಡ ಸಂಘಗಳು ಗುಂಪಿನ ಲೆಕ್ಕವನ್ನು ಶಾಲೆಯ ವರ್ಷಕ್ಕೆ ಹೊಂದುವಂತೆ ಆಗಸ್ಟ್ 1ರಿಂದ ಹಿಡಿಯುವುದೆಂದು 2025ರಲ್ಲಿ ಸಾರಿದವು. ಹತ್ತು ವರ್ಷಗಳ ಹಿಂದೆ ಇದ್ದ ಕ್ರಮವೂ ಅದೇ. ಆ ಲೆಕ್ಕದಲ್ಲಿ ನವೆಂಬರಿನ ನಮ್ಮ ಹುಡುಗ ಗುಂಪಿನ ಹಿರಿಯರಲ್ಲೊಬ್ಬ! ಅವನು ಒಂದಂಗುಲವೂ ಹೆಚ್ಚು ಬೆಳೆಯಬೇಕಾಗಿಲ್ಲ. ಪಂಚಾಂಗ ಸರಿದರೆ ಸಾಕು.

ಊರಿಗೆ ಮರಳಿದ ಜೂನ್ ತಿಂಗಳಲ್ಲಿ, ಮಳೆಯಲ್ಲಿ ನೆನೆಯುತ್ತಾ ಆಟೋರಿಕ್ಷಾ ನಿಲ್ಲಿಸಿ ಒಬ್ಬಾತ ಕಿರಿಯ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಬಂದ. ನಮ್ಮ ಹಳೆಯ ಆ ಹುಡುಗನೇ. ಹಿರಿಯವಳು ಐದನೆಯ ತರಗತಿಯಲ್ಲಿದ್ದಳು. ಜನನಪತ್ರ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯುತ್ತಿರುವಾಗ ಅವನು ನಕ್ಕು, “ನನ್ನ ಕಾಲದಲ್ಲಿ ಈ ಕಾಗದ ಯಾರು ಕೇಳಿದ್ದರು ಮಾಷ್ಟ್ರೇ! ನನ್ನ ಹುಟ್ಟುದಿನ ಮೇ 28 ಎಂದು ಶಾಲೆಯಲ್ಲೇ ಬರೆದದ್ದು. ಅಮ್ಮ ಹೇಳುವ ಪ್ರಕಾರ ನಾನು ಹುಟ್ಟಿದ್ದು ಅದರ ನಂತರದ ದೀಪಾವಳಿ ಕಳೆದು” ಎಂದ.

ಈ ಮರ್ಮ ನಮ್ಮ ಪ್ರಾಯದ ಓದುಗರಿಗೆಲ್ಲ ಗೊತ್ತು. ಜೂನ್ ಒಂದಕ್ಕೆ ಐದು ತುಂಬಬೇಕೆಂಬ ನಿಯಮಕ್ಕಾಗಿ ಹೆಡ್ಮಾಷ್ಟ್ರುಗಳು ದಯಪಾಲಿಸಿದ ಜನ್ಮದಿನಗಳಿಂದ ಮೇ ತಿಂಗಳು ತುಂಬಿಹೋಗಿದೆ. ನಮ್ಮದೂ ಮೇ ತಿಂಗಳೇ. ಹಾಗಾದರೆ ಅವನು ತರಗತಿಗೆ ಬಂದಾಗ ನಾಲ್ಕೂವರೆಯವ. ನಾವು ಎತ್ತರ ನೋಡಿ ಬಿಟ್ಟುಹಾಕಿದುದು ಉಳಿದವರಿಗಿಂತ ಅರ್ಧ ವರ್ಷಕ್ಕೂ ಚಿಕ್ಕವನಾದ ಮಗುವನ್ನು. ಲೇಖನಿ ಕೆಳಗಿಟ್ಟೆವು. ಆ ಪಟ್ಟಿಯ ವಿಷಯ ನೆನಪಿದೆಯೇ ಎಂದು ಕೇಳಿದೆವು.

“ಉಂಟು” ಎಂದ. ಸ್ವಲ್ಪ ಹೊತ್ತು ಮಳೆ ನೋಡಿದ. “ನಾಲ್ಕು ದಿನ ಬಾಗಿಲ ಹತ್ತಿರ ಹೋಗಿ ಓದಿದ್ದೆ, ಯಾರಾದರೂ ಆಮೇಲೆ ಸೇರಿಸಿದ್ದಾರೋ ಅಂತ.”

ತಪ್ಪು ನಮ್ಮದೆಂದು ಹೇಳಿದೆವು. ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕುಳಿತು ಹಾಗೆ ಹೇಳಿದುದು ಅದೇ ಮೊದಲೆಂದು ಕಾಣುತ್ತದೆ. ಅವನಿಗೆ ಮುಜುಗರವಾಯಿತು, “ಬಿಡಿ ಮಾಷ್ಟ್ರೇ” ಎಂದು ಕೊಡೆ ತೆಗೆದುಕೊಂಡ. ಮೆಟ್ಟಿಲ ಬಳಿ ತಿರುಗಿ, “ಈಗ ಹೆಣ್ಣುಮಕ್ಕಳನ್ನೂ ಆಡಿಸುತ್ತೀರಲ್ಲ? ದೊಡ್ಡವಳಿಗೆ ಹುಚ್ಚು ಉಂಟು” ಎಂದ.

ಈ ವರ್ಷ ಮೂರು ಸಂಜೆ ಇಟ್ಟೆವು. ಹಳೆಯ ಕ್ಯಾಲೆಂಡರಿನ ಹಾಳೆಗಳ ದಪ್ಪ ಅಂಕೆಗಳನ್ನು ಕತ್ತರಿಸಿ ಮಕ್ಕಳ ಬೆನ್ನಿಗೆ ಪಿನ್ನು ಹಾಕಿದೆವು. ನಾವೂ, ಗಣಿತದ ಟೀಚರೂ, ಸೆವೆನ್ಸ್ ಆಡುವ ಊರಿನ ಒಬ್ಬ ಯುವಕನೂ ಬೇರೆ ಬೇರೆ ಕುಳಿತು ಬರೆದೆವು; ಮೂವರ ಪಟ್ಟಿಯೂ ಒಂದಾಗಿರಲಿಲ್ಲ. ದಾಖಲೆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಯಾರು ಯಾವ ತಿಂಗಳಿನವರೆಂದು ನೋಡಿದೆವು. ಬಂದ ಮಕ್ಕಳನ್ನೆಲ್ಲ ಸೇರಿಸಿ ಮೂರು ತಂಡ ಮಾಡಿದೆವು. ನೆರೆಯ ಶಾಲೆಗೆ ಹೋಗುವುದು ಒಂದೇ ಆದರೂ ಶುಕ್ರವಾರ ಸಂಜೆ ಮೂರೂ ಆಡುತ್ತವೆ. ಪಟ್ಟಿಯನ್ನು ಬಾಗಿಲಿಗೆ ಅಂಟಿಸಲಿಲ್ಲ. ಒಬ್ಬೊಬ್ಬರನ್ನೇ ಕರೆದು ಹೇಳಿದೆವು. ಅದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು.

ಆಟೋದವನ ಮಗಳು ಎರಡನೆಯ ತಂಡದಲ್ಲಿದ್ದಾಳೆ. ಮುಲಾಜಿಗೆ ಮೊದಲನೆಯದಕ್ಕೆ ಹಾಕಿಬಿಡೋಣವೆಂದು ಒಂದು ರಾತ್ರಿ ಯೋಚಿಸಿದೆವು; ಹಾಕಲಿಲ್ಲ. ಎಡಗಾಲಿನಿಂದ ಒದೆಯಲು ಬರುವುದಿಲ್ಲವೆಂದು ಅವಳಿಗೆ ಹೇಳಿದಾಗ, “ಎಷ್ಟು ದಿನದಲ್ಲಿ ಕಲಿಯಬೇಕು ಸಾರ್?” ಎಂದಳು. ಈಗ ಸಂಜೆ ನಾಲ್ಕರ ಮೇಲೆ ಶಾಲೆಯ ಹಿಂಗೋಡೆಗೆ ಚೆಂಡು ಬಡಿಯುವ ಸದ್ದು ನಮ್ಮ ಕೋಣೆಗೆ ಕೇಳಿಸುತ್ತಿರುತ್ತದೆ. ಗೋಡೆಯ ಸುಣ್ಣ ಉದುರುತ್ತಿದೆಯೆಂದು ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರು ಎರಡು ಸಲ ಹೇಳಿದ್ದಾರೆ. ಮಳೆಗಾಲ ಮುಗಿಯಲಿ, ಬಳಿಸೋಣ ಎಂದಿದ್ದೇವೆ.