ದಾಸರಹಳ್ಳಿಯಿಂದ ಹುಲ್ಲುಗಾವಲಿಗೆ

ತುಮಕೂರು ರಸ್ತೆಯಲ್ಲಿ ಟಿ. ದಾಸರಹಳ್ಳಿಯ ಎಂಟನೆಯ ಮೈಲಿಯನ್ನು ಮುಟ್ಟಿ ಬಲಕ್ಕೆ ಹೊರಳಿದರೆ ಹೆಸರಘಟ್ಟದ ದಾರಿ. ಲಾರಿಗಳ ಗದ್ದಲ ಹಿಂದುಳಿದ ಮೇಲೆ, 1894ರಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆಯೂ ಅದರ ಬಳಿಯ ಹುಲ್ಲುಗಾವಲೂ ಕಣ್ಣಿಗೆ ಬೀಳುತ್ತವೆ. ಕ್ಯಾಮರಾ ಹಿಡಿದು ಹೊರಡುವವರಲ್ಲಿ ನನ್ನ ಬಿನ್ನಹವಿಷ್ಟೆ: ಹಣವನ್ನು ಕ್ಯಾಮರಾಕ್ಕಿಂತ ಮಸೂರಕ್ಕೆ ಮೀಸಲಿಡಿರಿ. ಚಳಿಗಾಲದಲ್ಲಿ ವಲಸೆ ಬಂದು ಹುಲ್ಲಿನ ಮೇಲೆ ತಗ್ಗಿ ತೇಲುವ ಹ್ಯಾರಿಯರ್ ಗಿಡುಗವು ಮನುಷ್ಯನನ್ನು ಹತ್ತಿರ ಸೇರಿಸದು. ಸೆನ್ಸರು ಒಂದೂವರೆ ಪಟ್ಟು ಕಿರಿದಾದ ಕ್ಯಾಮರಾದಲ್ಲಿ 400 ಮಿಲಿಮೀಟರಿನ ಮಸೂರವು 600ರದರಂತೆಯೇ ದೂರವನ್ನು ಸೆಳೆದು ತರುತ್ತದೆ; ತೂಕವೂ ಹೆಗಲಿಗೆ ಹಿತ. (ಟ್ರೈಪಾಡ್ ಹೊತ್ತು ನಡೆದವರಿಗೆ ಇದರ ಸುಖ ತಿಳಿದೀತು!) ಗಿಡ್ಡ ಮಸೂರದವನಾದರೋ ಹಕ್ಕಿಯ ಬೆನ್ನಟ್ಟಿ ಹುಲ್ಲಿನೊಳಗೆ ನಡೆಯಲೇಬೇಕು. ಅಲ್ಲಿ ನೆಲಗುಬ್ಬಿಯ ಗೂಡು ಬರಿಯ ನೆಲದ ಮೇಲೆಯೇ ಇರುತ್ತದೆ. ಮೊಟ್ಟೆಗೂ ಮಣ್ಣಿನದೇ ಬಣ್ಣ.