ನೋಟಿನ ಮಡಿಕೆ

ಹಬ್ಬದ ಮುನ್ನಾದಿನ ಅಟ್ಟವನ್ನು ಶುಚಿಗೊಳಿಸುತ್ತಿದ್ದ ಹುಡುಗನೊಬ್ಬನಿಗೆ ಮುತ್ತಜ್ಜನ ಲೆಕ್ಕದ ಪುಸ್ತಕದೊಳಗೆ ಹಳೆಯ ನೋಟೊಂದು ದೊರೆಯಿತು. ಅದು ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದ ಐದು ರೂಪಾಯಿಯ ನೋಟು. ಭಾರತೀಯ ರಿಸರ್ವ್ ಬ್ಯಾಂಕು 1938ರಲ್ಲಿ ಹೊರಡಿಸಿದ ಮೊದಲ ನೋಟುಗಳ ಸಾಲಿಗೆ ಸೇರಿದುದು. ನಡುವಿನ ಒಂದು ಮಡಿಕೆಯ ಹೊರತು ಅದರಲ್ಲಿ ಬೇರೆ ಊನವಿರಲಿಲ್ಲ. ಆದರೆ ಹುಡುಗನ ಕಣ್ಣಿಗೆ ಬಿದ್ದುದು ಆ ಮಡಿಕೆಯೇ. ಒದ್ದೆ ಬಟ್ಟೆಯನ್ನು ಹಾಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದನು. ಗೆರೆ ಮರೆಯಾಯಿತು. ನೋಟು ಹೊಸದರಂತೆ ಕಂಡಿತು.

ನೆರೆಮನೆಯ ವೃದ್ಧರು ಹಳೆಯ ನೋಟುಗಳ ಸಂಗ್ರಾಹಕರು. ಅವರು ನೋಟನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂಬದಿಯನ್ನು ಬೆರಳಿನಿಂದ ಮೆಲ್ಲನೆ ಸವರಿದರು. “ಇದಕ್ಕೆ ಇಸ್ತ್ರಿ ಹಾಕಿದೆಯಾ, ಮಗು?” ಎಂದು ಕೇಳಿದರು. ಹುಡುಗನು ಬೆರಗಾಗಿ ಹೌದೆಂದನು.

ನೋಟಿನ ಕಾಗದವು ಸಾಮಾನ್ಯವಾಗಿ ಹತ್ತಿಯ ನಾರಿನಿಂದಾದುದು. ಮಡಿಸಿದಾಗ ಮುರಿದ ನಾರು ಇಸ್ತ್ರಿಯಿಂದ ಮತ್ತೆ ಕೂಡಿಕೊಳ್ಳುವುದಿಲ್ಲ. ಬೆಳಕಿಗೆ ಹಿಡಿದರೆ ಗೆರೆ ಮತ್ತೆ ಕಾಣುತ್ತದೆ. ಆದರೆ ಹಾಳಾಗದೆ ಉಳಿದಿದ್ದುದು ಹಾಳಾಗುತ್ತದೆ. ಕ್ರಮಸಂಖ್ಯೆಯ ಅಚ್ಚು ಒತ್ತಿದ ಕಡೆ ಕಾಗದವು ತುಸು ತಗ್ಗಿ, ಹಿಂಬದಿಯಲ್ಲಿ ಉಬ್ಬಿರುತ್ತದೆ. ಕೆಲವು ನೋಟುಗಳಲ್ಲಿ ಮಸಿಯೇ ಎದ್ದು ನಿಂತಿರುತ್ತದೆ. ಇಂದಿನ ನೂರು ರೂಪಾಯಿಯ ಹೊಸ ನೋಟಿನಲ್ಲಿ ಗಾಂಧೀಜಿಯವರ ಚಿತ್ರವನ್ನು ಸವರಿದರೆ ಇದು ತಿಳಿಯುತ್ತದೆ. ಒತ್ತಿದಾಗ ಈ ಉಬ್ಬುಗಳು ಅಡಗುತ್ತವೆ. ಕಾಗದದ ಸಹಜವಾದ ಗರಿಗರಿತನವೂ ಕುಂದುತ್ತದೆ.

ಆದುದರಿಂದಲೇ ಸಂಗ್ರಾಹಕರು ಒತ್ತಿದ ನೋಟಿಗೆ ಕಡಿಮೆ ಬೆಲೆ ಕಟ್ಟುತ್ತಾರೆ. ನೋಟುಗಳ ಸ್ಥಿತಿಯನ್ನು 70 ಅಂಕಗಳ ಮಾನದಿಂದ ಅಳೆಯುವ ಪದ್ಧತಿಯಿದೆ. ಒಂದೇ ಮಡಿಕೆಯಿರುವ ನೋಟಿಗೆ ಅದರಲ್ಲಿ ಒಳ್ಳೆಯ ಸ್ಥಾನವೇ ದೊರೆಯಬಹುದು. ಅಮೆರಿಕದಲ್ಲಿ 2005ರಲ್ಲಿ ಆರಂಭವಾದ ಪೇಪರ್ ಮನಿ ಗ್ಯಾರಂಟಿ ಎಂಬ ಸಂಸ್ಥೆಯು, ಒತ್ತದೆ ತೊಳೆಯದೆ ಸಹಜವಾಗಿ ಉಳಿದ ಕಾಗದಕ್ಕೆ ವಿಶೇಷ ಮನ್ನಣೆ ನೀಡುತ್ತದೆ. ಮಡಿಕೆ ಬಳಕೆಯ ಗುರುತು. ಅದನ್ನು ಮರೆಮಾಚಿದರೆ ಕೊಳ್ಳುವವನಲ್ಲಿ ಶಂಕೆ ಹುಟ್ಟುತ್ತದೆ.

“ಹಾಗಾದರೆ ಮತ್ತೆ ಮಡಿಸಿಡಲೇ, ಅಜ್ಜಾ?” ಎಂದನು ಹುಡುಗ.

ವೃದ್ಧರು ನಕ್ಕರು. “ಬೇಡಪ್ಪಾ. ಆ ಮಡಿಕೆ ನಿನ್ನ ಮುತ್ತಜ್ಜನ ಕೈಯದು. ನೀನು ಮಡಿಸಿದರೆ ಅದು ನಿನ್ನದಾಗುತ್ತದೆ, ಅಷ್ಟೆ. ಇನ್ನು ಮುಂದೆ ಇದಕ್ಕೆ ಏನನ್ನೂ ಮಾಡಬೇಡ.”

ಅವರು ಕೊಟ್ಟ ತೆಳುವಾದ ಪಾರದರ್ಶಕ ಹೊದಿಕೆಯಲ್ಲಿ ಹುಡುಗನು ನೋಟನ್ನಿಟ್ಟನು. ಮನೆಗೆ ಬಂದು, ಯಾರೂ ಹೇಳದಿದ್ದರೂ, ಒಂದು ಚೀಟಿ ಬರೆದು ಅದರೊಡನೆ ಸೇರಿಸಿದನು: “ಈ ನೋಟಿಗೆ ಇಸ್ತ್ರಿ ಹಾಕಲಾಗಿದೆ.”