ತಮ್ಮನು ಮತ್ತೆ ವಿದ್ಯಾರ್ಥಿಯಾದದ್ದು

ಎಂಜಿನಿಯರಿಂಗ್ ಪದವಿಯೆಂಬುದು ನಮ್ಮಂಥವರ ಮನೆಗಳಲ್ಲಿ ಓದಿನ ಕೊನೆಯ ನಿಲ್ದಾಣ. ಮಗನು ಅಲ್ಲಿಗೆ ತಲುಪಿದನೆಂದರೆ ಮುಂದಿನದು ಉದ್ಯೋಗ, ಆಮೇಲೆ ಮದುವೆ, ಅದರಾಚೆಗೆ ಮನೆಯ ಸಾಲ. ಆದುದರಿಂದ ನನಗಿಂತ ಹನ್ನೊಂದು ವರ್ಷ ಚಿಕ್ಕವನಾದ ತಮ್ಮನು ಸಿವಿಲ್ ಎಂಜಿನಿಯರಿಂಗಿನಲ್ಲಿ ಬಿ.ಇ. ಮುಗಿಸಿ, ಕೈಗೆ ಬಂದಿದ್ದ ಕೆಲಸವನ್ನು ಬಿಟ್ಟು, “ನಾನು ಇನ್ನೂ ಓದುತ್ತೇನೆ” ಎಂದಾಗ ಮನೆಯಲ್ಲಿ ಕೆಲವು ದಿನ ಯಾರೂ ಹೆಚ್ಚು ಮಾತನಾಡಲಿಲ್ಲ. ಎಲ್ಲರ ಮನಸ್ಸಿನಲ್ಲಿದ್ದುದನ್ನು ಪಕ್ಕದ ಮನೆಯ ಅಜ್ಜಿಯೊಬ್ಬರು ಬಾಯಿಬಿಟ್ಟು ಕೇಳಿದರು: “ಎಂಜಿನಿಯರ್ ಆದಮೇಲೂ ಓದೋದು ಏನಪ್ಪಾ ಉಳಿದಿರುತ್ತೆ?”

ಆ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ತಮ್ಮನಿಗೂ ಗೊತ್ತಿರಲಿಲ್ಲವೆಂಬುದು ಆಮೇಲೆ ತಿಳಿಯಿತು.

ಕೊನೆಗೆ ಅವನ ನೆರವಿಗೆ ಬಂದವರು ನಿವೃತ್ತ ಮೇಷ್ಟರಾದ ನಮ್ಮ ತಂದೆಯವರು. “ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿಕೊಂಡರು. ಅಷ್ಟಕ್ಕೇ ನಿಂತರೇ? ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಲಿಲ್ಲವೇ? ಇವನೂ ಓದಲಿ ಬಿಡಿ” ಎಂದರು. ತಮ್ಮನು ಗೇಟ್ ಎಂಬ ಪರೀಕ್ಷೆಗೆ ಕುಳಿತನು. ಮೂರು ಗಂಟೆಯ ಕಾಲ, 100 ಅಂಕ; ಕೆಲವು ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟರೆ ಗಳಿಸಿದ ಅಂಕವೂ ಕಳೆದುಹೋಗುವ ನಿಷ್ಠುರವಾದ ಲೆಕ್ಕ. ಅದರಲ್ಲಿ ಗೆದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎರಡು ವರ್ಷದ ಎಂ.ಟೆಕ್.ಗೆ ಸ್ಥಾನ ಪಡೆದನು. ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೆಂದು ತಿಳಿದಾಗ ನಮ್ಮ ತಾಯಿಗೆ ನಂಬಿಕೆಯೇ ಬರಲಿಲ್ಲ. “ಓದಿಸೋರೇ ದುಡ್ಡು ಕೊಡ್ತಾರಾ? ಸರಿಯಾಗಿ ವಿಚಾರಿಸಿದೆಯೇನೋ?” ಎಂದು ಎರಡೆರಡು ಸಲ ಕೇಳಿದರು.

2023ರ ಆಗಸ್ಟ್ ತಿಂಗಳಲ್ಲಿ ನಾನೂ ಅವನೂ ಅರಸೀಕೆರೆಯಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದೆವು. ಸಂಸ್ಥೆಯ ದೊಡ್ಡ ಹೆಸರನ್ನು ನಾನು ಸ್ಪಷ್ಟವಾಗಿ ಉಚ್ಚರಿಸಿದರೆ ಆಟೋದವನು ಒಂದು ಕ್ಷಣ ಯೋಚಿಸಿ, “ಟಾಟಾ ಇನ್‌ಸ್ಟಿಟ್ಯೂಟಾ ಸಾರ್? ಹಾಗನ್ನಿ” ಎಂದನು. ಜನರ ನೆನಪು ದೊಡ್ಡದು. ಜಮ್‌ಷೆಟ್‌ಜಿ ಟಾಟಾ ಅವರು ಈ ಸಂಸ್ಥೆಯ ಕನಸು ಕಂಡು, ಅದು ಕೈಗೂಡುವ ಮೊದಲೇ 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪಿತವಾಗಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಗೋಪುರವುಳ್ಳ ಆ ಕಲ್ಲಿನ ಕಟ್ಟಡದ ಮುಂದೆ ಟಾಟಾ ಅವರ ಪ್ರತಿಮೆಯನ್ನು ನೋಡುತ್ತ ನಿಂತಾಗ ತಮ್ಮನು ನನ್ನ ತೋಳನ್ನು ಹಿಡಿದುಕೊಂಡನು. ಜಾತ್ರೆಯಲ್ಲಿ ಹಾಗೆ ಹಿಡಿದುಕೊಳ್ಳುತ್ತಿದ್ದ ಆರು ವರ್ಷದ ಹುಡುಗನ ನೆನಪಾಯಿತು. ನಾನು ಏನೂ ಹೇಳಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಹಾಸಿಗೆ ಬಿಡಿಸಿಟ್ಟು, ತಾಯಿ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಡಬ್ಬವನ್ನು ಮೇಜಿನ ಮೇಲಿಟ್ಟು ಊರಿಗೆ ಮರಳಿದೆನು.

ಮೊದಲ ವಾರ ಅವನ ಫೋನಿನ ಮಾತೆಲ್ಲ ಉತ್ಸಾಹವೇ. ಮರಗಳ ಸಾಲು, ಗ್ರಂಥಾಲಯ, ಬೇರೆ ಬೇರೆ ರಾಜ್ಯಗಳಿಂದ ಬಂದ ಸಹಪಾಠಿಗಳು. ಅಲ್ಲಿ ಪಾಠಗಳನ್ನು 3:0, 3:1 ಎಂದು ಗುರುತಿಸುತ್ತಾರಂತೆ; ಮೊದಲ ಅಂಕಿ ತರಗತಿಯದು, ಎರಡನೆಯದು ಪ್ರಯೋಗಶಾಲೆಯದು. ಎರಡನೆಯ ವಾರ ಮಾತು ಕಡಿಮೆಯಾಯಿತು. ಮೂರನೆಯ ವಾರ “ಊಟ ಆಯಿತು, ಚೆನ್ನಾಗಿದ್ದೇನೆ” ಎಂಬಲ್ಲಿಗೆ ಮುಗಿಯತೊಡಗಿತು. ಸೆಪ್ಟೆಂಬರಿನ ಒಂದು ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಕರೆ ಬಂದಿತು.

“ಅಣ್ಣ, ನಾನು ಊರಿಗೆ ಬಂದುಬಿಡಲೇ? ಆ ಕೆಲಸ ಇನ್ನೂ ಸಿಕ್ಕಬಹುದು. ಅಪ್ಪನಿಗೆ ನೀನೇ ಹೇಳಬೇಕು.”

ಮರುದಿನ ಬೆಳಗಿನ ರೈಲಿಗೆ ನಾನು ಹೊರಟೆನು.

ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತು ಅವನು ಎಲ್ಲವನ್ನೂ ಹೇಳಿದನು. ಮೊದಲ ಕಿರುಪರೀಕ್ಷೆಯಲ್ಲಿ 20ಕ್ಕೆ 6 ಅಂಕ ಬಂದಿತ್ತು. ತನ್ನ ಕಾಲೇಜಿಗೇ ಮೊದಲಿಗನಾಗಿದ್ದವನು ಅವನು. ಆದರೆ ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರೂ ತಮ್ಮ ತಮ್ಮ ಕಾಲೇಜಿಗೆ ಮೊದಲಿಗರೇ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಇವನು, ಕೇಳಬೇಕಾದ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಪ್ರಾಧ್ಯಾಪಕರು ಮುಂದಿನ ಹಲಗೆಗೆ ಹೋಗಿರುತ್ತಿದ್ದರು.

“ಪ್ರಶ್ನೆ ಏನು ಕೇಳಿದ್ದರು?” ಎಂದೆನು.

ಪ್ರಶ್ನೆ ತೊಲೆಯನ್ನು ಕುರಿತದ್ದು. ಒಂದು ತುದಿ ಗೋಡೆಯಲ್ಲಿ ಹುದುಗಿ, ಇನ್ನೊಂದು ತುದಿ ಆಧಾರವಿಲ್ಲದೆ ಹೊರಚಾಚಿರುವ ತೊಲೆಯ ಕೊನೆಗೆ ಭಾರವನ್ನು ತೂಗುಹಾಕಿದರೆ ಅದು ಎಷ್ಟು ಬಾಗುತ್ತದೆ ಎಂಬುದಕ್ಕೆ ಒಂದು ಸೂತ್ರವಿದೆ. ತೊಲೆಯ ಉದ್ದವನ್ನು ಎರಡರಷ್ಟು ಮಾಡಿದರೆ ಅದೇ ಭಾರಕ್ಕೆ ಬಾಗುವಿಕೆ ಎಂಟರಷ್ಟಾಗುತ್ತದೆ. ತಮ್ಮನು ಈ ಸೂತ್ರವನ್ನು ನಿದ್ದೆಯಲ್ಲಿಯೂ ಹೇಳಬಲ್ಲವನು. ಆದರೆ ಪರೀಕ್ಷೆಯಲ್ಲಿ ಸೂತ್ರವನ್ನು ಯಾರೂ ಕೇಳಿರಲಿಲ್ಲ. ‘ಈ ಸೂತ್ರವು ಯಾವಾಗ ಸುಳ್ಳಾಗುತ್ತದೆ? ಏಕೆ?’ ಎಂದು ಕೇಳಿದ್ದರು. ಬಾಗು ಅತ್ಯಲ್ಪವೆಂದೂ, ತೊಲೆಯು ತನ್ನ ದಪ್ಪಕ್ಕೆ ಹೋಲಿಸಿದರೆ ಬಹಳ ಉದ್ದವೆಂದೂ, ಭಾರ ತೆಗೆದರೆ ವಸ್ತುವು ಮೊದಲಿನಂತಾಗುವುದೆಂದೂ ಒಪ್ಪಿಕೊಂಡು ಹೊಸೆದ ಸೂತ್ರವದು. ಮೋಟಾದ ದಪ್ಪ ತೊಲೆಯಲ್ಲಿ ಲೆಕ್ಕ ತಪ್ಪುತ್ತದೆ. “ನಾಲ್ಕು ವರ್ಷ ಆ ಸೂತ್ರ ಬಳಸಿದೆ ಅಣ್ಣ. ಅದಕ್ಕೆ ಇಷ್ಟು ಷರತ್ತುಗಳಿವೆ ಎಂದು ಒಂದು ದಿನವೂ ಯೋಚಿಸಲಿಲ್ಲ. ನಾನು ಓದಿದ್ದೇ ಸುಳ್ಳು” ಎಂದು ಅವನು ತಲೆ ತಗ್ಗಿಸಿದನು.

ತೊಲೆಯ ಶಾಸ್ತ್ರ ನನಗೆ ತಿಳಿಯದು. ಆದರೆ ಆ ತಗ್ಗಿದ ತಲೆ ನನಗೆ ಚೆನ್ನಾಗಿ ಪರಿಚಿತವಾದದ್ದು.

ನಾನು ಎಂ.ಎ. ಓದಿದ ಕಥೆ ನಮ್ಮ ಮನೆಯಲ್ಲಿ ಒಂದು ಪುರಾಣವೇ ಆಗಿದೆ. ಹುಡುಗನು ಮೈಸೂರಿಗೆ ಹೋದ, ರ‍್ಯಾಂಕು ತಂದ, ಅಧ್ಯಾಪಕನಾದ. ತಮ್ಮನು ಈ ಪುರಾಣವನ್ನು ಕೇಳಿಯೇ ಬೆಳೆದವನು. ಅದರಲ್ಲಿ ಇಲ್ಲದ ಅಧ್ಯಾಯವೊಂದನ್ನು ಆ ದಿನ ಮೊದಲ ಬಾರಿಗೆ ಹೇಳಿದೆನು.

ಎಂ.ಎ.ಯ ಮೊದಲ ತಿಂಗಳುಗಳಲ್ಲಿ ಪಂಪನ ಕಾವ್ಯದ ಮೇಲೆ ನಾನು ತರಗತಿಯಲ್ಲಿ ಪ್ರಬಂಧ ಓದಬೇಕಾಗಿತ್ತು. ಪದ್ಯಗಳು ಬಾಯಿಗೆ ಬರುತ್ತಿದ್ದುವು, ಅರ್ಥವೂ ಬರುತ್ತಿತ್ತು. ಓದಿ ಮುಗಿಸಿದ ಮೇಲೆ ಗುರುಗಳು ಒಂದೇ ಒಂದು ಮಾತು ಕೇಳಿದರು: “ಈ ಪಾಠವನ್ನೇ ಏಕೆ ಒಪ್ಪಿಕೊಂಡಿರಿ? ಬೇರೆ ಹಸ್ತಪ್ರತಿಗಳಲ್ಲಿ ಏನಿದೆ?” ಅಚ್ಚಾದ ಪುಸ್ತಕದ ಹಿಂದೆ ಓಲೆಗರಿಗಳಿವೆ, ಒಂದರಂತೆ ಇನ್ನೊಂದಿಲ್ಲ, ಯಾವುದು ಕವಿಯ ಮಾತೆಂದು ಯಾರೋ ಕುಳಿತು ತೀರ್ಮಾನಿಸಿದ್ದಾರೆ ಎಂಬುದು ನನ್ನ ಮನಸ್ಸಿಗೆ ಹೊಳೆದೇ ಇರಲಿಲ್ಲ. ಬಾಯಿ ಕಟ್ಟಿತು. ಅದೇ ಸಂಜೆ ಚೀಲ ತುಂಬಿಕೊಂಡು ಮೈಸೂರು ನಿಲ್ದಾಣಕ್ಕೆ ಹೋಗಿ ಅರಸೀಕೆರೆಗೆ ಟಿಕೆಟ್ಟು ಕೊಂಡೆನು. ರೈಲು ಬಂದಿತು, ಹೋಯಿತು. ನಾನು ಬೆಂಚಿನ ಮೇಲೆಯೇ ಕುಳಿತಿದ್ದೆನು. ಮರಳಿ ಹೋದದ್ದು ಧೈರ್ಯದಿಂದಲ್ಲ. ಮನೆಯ ಬಾಗಿಲಲ್ಲಿ ನಿಂತು ತಂದೆಯವರಿಗೆ ಏನು ಹೇಳಬೇಕೆಂಬುದು ತೋಚದೆ.

ತಮ್ಮನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದನು. “ಇದನ್ನು ಮೊದಲೇ ಏಕೆ ಹೇಳಲಿಲ್ಲ?” ಎಂದನು. ಅದರಲ್ಲಿ ಆಕ್ಷೇಪಣೆಯಿತ್ತು, ಸಮಾಧಾನವೂ ಇತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಅಣ್ಣನೆಂಬ ಪದವಿಯನ್ನು ಕಾಪಾಡಿಕೊಳ್ಳಲು ನಾನು ಅವನಿಂದ ಮುಚ್ಚಿಟ್ಟದ್ದು, ಅವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದ ವಸ್ತುವಾಗಿತ್ತು.

ಮರುದಿನ ಅವನು ಪ್ರಾಧ್ಯಾಪಕರ ಕೋಣೆಯ ಬಾಗಿಲು ತಟ್ಟಿದನು. ಅವರು ಗದರಲಿಲ್ಲ. ತರಗತಿಯಲ್ಲಿ ತಿಳಿಯದೆ ಉಳಿದದ್ದನ್ನು ಅಂದಂದೇ ಒಂದು ಹಾಳೆಯಲ್ಲಿ ಬರೆದು ವಾರಕ್ಕೊಮ್ಮೆ ತರಬೇಕೆಂದರಂತೆ. ಮೊದಲ ವಾರ ನಾಲ್ಕು ಪುಟವಾಯಿತು. ಅದರಲ್ಲಿ ಅರ್ಧವನ್ನು ಬರೆಯುವಾಗಲೇ ತನಗೆ ತಾನೇ ತಿಳಿದುಕೊಂಡನು. ಉಳಿದುದನ್ನು ಕೇರಳದಿಂದ ಬಂದ ಗೆಳೆಯನೊಡನೆ ರಾತ್ರಿ ಚಹ ಕುಡಿಯುತ್ತ ಚರ್ಚಿಸಿದಾಗ, ಅವನಿಗೂ ಅವೇ ಸಂದೇಹಗಳಿದ್ದುವೆಂಬುದು ಹೊರಬಿದ್ದಿತು, ಅವನೂ ಸುಮ್ಮನಿದ್ದವನೇ! ಕೊನೆಗೆ ಮಿಕ್ಕದ್ದು ಎರಡು ಪ್ರಶ್ನೆ. ಅವುಗಳಲ್ಲೊಂದಕ್ಕೆ ಪ್ರಾಧ್ಯಾಪಕರು, “ಇದು ನನಗೂ ಸರಿಯಾಗಿ ಗೊತ್ತಿಲ್ಲ, ಇಬ್ಬರೂ ನೋಡೋಣ” ಎಂದರಂತೆ. ಅಂದು ರಾತ್ರಿಯ ಕರೆ ಒಂದು ಗಂಟೆ ನಡೆಯಿತು.

ದೀಪಾವಳಿಗೆ ಊರಿಗೆ ಬಂದವನು ಅಂಗಳದಲ್ಲಿ ನಿಂತು ನಮ್ಮ ಮನೆಯ ಕಿಟಕಿಯ ಮೇಲಿನ ಸಜ್ಜವನ್ನು ಬಹಳ ಹೊತ್ತು ನೋಡಿದನು. ಪಕ್ಕದ ಮನೆಯ ಅಜ್ಜಿ, “ಏನಪ್ಪಾ, ಬೀಳುತ್ತೇನು?” ಎಂದರು. “ಇಲ್ಲ ಅಜ್ಜಿ, ಏಕೆ ಬೀಳಲಿಲ್ಲ ಅಂತ ನೋಡುತ್ತಿದ್ದೇನೆ” ಎಂದನು. ಎಂಜಿನಿಯರ್ ಆದಮೇಲೂ ಓದುವುದು ಏನು ಉಳಿದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಿಯಾದ ಉತ್ತರ ನನಗೆ ಇಂದಿಗೂ ದೊರೆತಿಲ್ಲ.

ಅವನು 2025ರಲ್ಲಿ ಎಂ.ಟೆಕ್. ಮುಗಿಸಿದನು. ನನ್ನಲ್ಲಾದ ಬದಲಾವಣೆ ಅದಕ್ಕಿಂತ ಚಿಕ್ಕದು. ಆ ದೀಪಾವಳಿ ಕಳೆದು ಕಾಲೇಜು ತೆರೆದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಂದು ಹಳಗನ್ನಡ ಶಬ್ದದ ಮೂಲವನ್ನು ಕೇಳಿದಳು. ಹತ್ತು ವರ್ಷದ ಅಧ್ಯಾಪಕ ವೃತ್ತಿಯಲ್ಲಿ ಇಂಥ ಪ್ರಶ್ನೆಗಳನ್ನು ನಯವಾಗಿ ದಾಟಿಹೋಗುವ ಕಲೆ ನನಗೆ ಸಿದ್ಧಿಸಿತ್ತು. ಅಂದು ಮಾತ್ರ ಸೀಮೆಸುಣ್ಣವನ್ನು ಕೆಳಗಿಟ್ಟು, “ನನಗೆ ಗೊತ್ತಿಲ್ಲಮ್ಮ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ” ಎಂದೆನು. ತರಗತಿಯಲ್ಲಿ ಯಾರೂ ನಗಲಿಲ್ಲ. ಮರುದಿನ ಬೇರೆ ಮೂವರು ಪ್ರಶ್ನೆ ಕೇಳಿದರು.